ತಂಡದಲ್ಲೇ ಉಳಿಯೋದಾ, ಬಿಟ್ಟು ಹೋಗೋದಾ?

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ತಂಡ ಬದಲಿಸಿದವರು ಮೊದಲೆಲ್ಲ ಸಾಮಾನ್ಯವಾಗಿ ಒಂದು ವರ್ಷ ಆಡುವಂತಿರಲಿಲ್ಲ. 2021ರಲ್ಲಿ ಒಂದು ಸಲಕ್ಕೆ ವಿನಾಯಿತಿ ಸಿಕ್ಕಿತು. 2024ರಿಂದ, ಓದು ಸರಿಯಿದ್ದರೆ, ಮತ್ತೆ ಮತ್ತೆ ಬದಲಿಸಿದರೂ ತಕ್ಷಣ ಆಡಬಹುದು.

ಉಳಿಯುವುದರ ಲಾಭ ನೋಡಬೇಕೆಂದರೆ ಪರ್ಡ್ಯೂ ತಂಡ ನೋಡಿ. 2023ರ ರಾಷ್ಟ್ರೀಯ ಟೂರ್ನಿಯಲ್ಲಿ ಅದು 16ನೇ, ಅಂದರೆ ತೀರಾ ಕೊನೆಯ ಶ್ರೇಯಾಂಕದ ಫೇರ್ಲಿ ಡಿಕಿನ್ಸನ್ ತಂಡದ ಎದುರು 63-58ರಿಂದ ಸೋತಿತು. ಕೋಚ್ ಮ್ಯಾಟ್ ಪೇಂಟರ್ ಮೇಲೆ ಟೀಕೆಯ ಸುರಿಮಳೆ. ಆದರೂ ತಂಡದ ಮುಖ್ಯ ಆಟಗಾರ ಜ್ಯಾಕ್ ಈಡಿ ಮರುವರ್ಷ ಅದೇ ತಂಡಕ್ಕೆ ವಾಪಸ್ ಬಂದರು. 2024ರಲ್ಲಿ ತಂಡ ಅದೇ ಟೂರ್ನಿಯ ಫೈನಲ್‌ನಲ್ಲಿತ್ತು! ನನಗೆ ತುಂಬಾ ಇಷ್ಟವಾದ ಕಥೆ ಇದು.

ಆದರೆ ಆ ಫೈನಲ್ ಗೆದ್ದ ಕನೆಕ್ಟಿಕಟ್‌ನ ಟ್ರಿಸ್ಟನ್ ನ್ಯೂಟನ್ ಈಸ್ಟ್ ಕೆರೊಲಿನಾ ಬಿಟ್ಟು ಬಂದವರು. 2025ರಲ್ಲಿ ಫ್ಲೋರಿಡಾಗೆ ಅದೇ ಟೂರ್ನಿ ಗೆಲ್ಲಿಸಿಕೊಟ್ಟ ವಾಲ್ಟರ್ ಕ್ಲೇಟನ್ ಅಯೋನಾದಿಂದ ಬಂದವರು. ಬಿಟ್ಟು ಹೋಗುವುದು ದ್ರೋಹ ಅಲ್ಲ.

ಕೋಚ್ ಆಡಿಸುವ ಆಟದಲ್ಲಿ ನಿಮಗೆ ಜಾಗವೇ ಇಲ್ಲವೆಂದರೆ ಹೊರಡಿ. ಒಂದು ಸೋಲಿಗೆ ಜನ ಕೋಚ್‌ನನ್ನು ಬೈದರು ಅಂತ ಸುಮ್ನೆ ಹೊರಡಬೇಡಿ. ಹೊಸ ಕಡೆ ಜಾಗ ಸಿಗುತ್ತೆ ಅನ್ನೋ ಖಾತ್ರಿ ಇಲ್ಲ, ಓದಿ ಮುಗಿಸಿದ ವಿಷಯಗಳ ಲೆಕ್ಕ (ಕ್ರೆಡಿಟ್) ಕೂಡ ಕೆಲವೊಮ್ಮೆ ಕಳೆದುಹೋಗುತ್ತೆ. ಅದನ್ನು ಮೊದಲೇ ಕೇಳಿಕೊಳ್ಳಿ.