ಪ್ರಾಂಗ್‌ಹಾರ್ನ್ ಫೋಟೋ ತೆಗೆಯೋಕೆ ಹೊರಟಿದ್ದೀರಾ? ಮೊದಲು ಬೇಲಿ ಎಲ್ಲಿದೆ ನೋಡಿ

ಈ ಬೇಸಿಗೆಯಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯದ ಕಡೆ ಕ್ಯಾಮೆರಾ ಹಿಡಿದು ಹೋಗುವವರು ದಯವಿಟ್ಟು ಇದನ್ನು ಓದಿ. ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ.

ಕಳೆದ ಜೂನ್ ಕೊನೆಯಲ್ಲಿ ಪೈನ್‌ಡೇಲ್ ಹತ್ತಿರದ ಮಣ್ಣು ರಸ್ತೆಯಲ್ಲಿ ಆರು ಪ್ರಾಂಗ್‌ಹಾರ್ನ್ (ಅಲ್ಲಿನ ಬಯಲಿನ ಜಿಂಕೆಯಂಥ ಪ್ರಾಣಿ) ಕಂಡವು. ಬೆಳಗಿನ ಹೊತ್ತು, ಒಳ್ಳೆ ಬೆಳಕು. ಅವುಗಳ ಹಿಂದೆ ಮುಳ್ಳುತಂತಿ ಬೇಲಿ ಇತ್ತು. ನೋಡಿದೆ, ಆದರೆ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನಾನು ರಾಣೆಬೆನ್ನೂರು ಕಡೆಯವನು, ಕೃಷ್ಣಮೃಗ ನೋಡಿಕೊಂಡೇ ಬೆಳೆದವನು. ಗಾಬರಿಯಾದರೆ ಅವು ಆಳೆತ್ತರ ಚಿಮ್ಮುತ್ತವೆ ಅಲ್ವಾ, ಇವೂ ಹಾಗೇ ಬೇಲಿ ಹಾರಿ ಹೋಗುತ್ತವೆ ಅಂದುಕೊಂಡು ಕಾರಿನಿಂದ ಇಳಿದು ಸೀದಾ ಅವುಗಳ ಕಡೆ ನಡೆದೆ.

ಪ್ರಾಂಗ್‌ಹಾರ್ನ್ ಬೇಲಿ ಹಾರುವುದೇ ಅಪರೂಪ. ಗಂಟೆಗೆ 85 ಕಿ.ಮೀ. ವೇಗದಲ್ಲಿ ಓಡಬಲ್ಲ ಪ್ರಾಣಿ, ಆದರೆ ಬಟ್ಟಬಯಲಿನದು, ಹಾರುವ ರೂಢಿ ಇಲ್ಲ. ಬೇಲಿ ಅಡ್ಡ ಬಂದರೆ ಕೆಳತಂತಿಯ ಅಡಿಯಲ್ಲಿ ನುಸುಳುತ್ತದೆ. ಅದಕ್ಕೇ ಕೆಳತಂತಿಗೆ ಮುಳ್ಳಿರಬಾರದು, ನೆಲದಿಂದ ಕನಿಷ್ಠ 16 ಇಂಚು ಮೇಲಿರಬೇಕು ಅನ್ನುತ್ತಾರೆ. ಆ ಬೇಲಿಯಲ್ಲಿ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಇತ್ತು ಅಷ್ಟೇ. ಮುಳ್ಳೂ ಇತ್ತು.

ಒಂದು ಹೆಣ್ಣು ತಲೆ ಎತ್ತಿತು. ಹಿಂಭಾಗದ ಬಿಳಿ ಕೂದಲು ಹತ್ತಿಕಾಯಿ ಬಿರಿದ ಹಾಗೆ ಅರಳಿತು. ಅದು ಅಪಾಯದ ಸೂಚನೆ ಅಂತ ನನಗೆ ಗೊತ್ತಿತ್ತು, ಆದರೂ ಇನ್ನೆರಡು ಹೆಜ್ಜೆ ಇಟ್ಟೆ. ಆರೂ ಬೇಲಿಗೆ ನುಗ್ಗಿದವು. ಐದು ಹೇಗೋ ನುಸುಳಿದವು. ಕೊನೆಯದರ ಹಿಂಗಾಲು ತಂತಿಗೆ ಸಿಕ್ಕಿಕೊಂಡಿತು. ಬಿಡಿಸೋಣ ಅಂತ ಓಡಿದರೆ, ನಾನು ಹತ್ತಿರ ಹೋದಷ್ಟೂ ಅದರ ಒದ್ದಾಟ ಜಾಸ್ತಿಯಾಯಿತು. ಕೆಚ್ಚಲು ತುಂಬಿದ ಹೆಣ್ಣು. ಅಂದರೆ ಮರಿ ಅಲ್ಲೇ ಎಲ್ಲೋ ಪೊದೆಯಲ್ಲಿ ಅಡಗಿ ಮಲಗಿದೆ. ಕೈಕಾಲು ನಡುಗಿ ಹಿಂದೆ ಬಂದು ಕಾರಿನ ಮರೆಯಲ್ಲಿ ಕೂತೆ. ಐದಾರು ನಿಮಿಷಕ್ಕೆ ತಾನೇ ಕಿತ್ತುಕೊಂಡು ಕುಂಟುತ್ತಾ ಹೋಯಿತು. ತಂತಿಯಲ್ಲಿ ಒಂದು ಹಿಡಿ ಕೂದಲು ಉಳಿದಿತ್ತು, ಬುಡದಲ್ಲಿ ರಕ್ತ. ಅದರ ಕೂದಲು ಒಳಗೆ ಟೊಳ್ಳು, ಬೆರಳಲ್ಲಿ ಹಿಡಿದರೆ ಒಣ ಹುಲ್ಲಿನ ಹಾಗೆ ಮುರಿಯುತ್ತದೆ.

ಯೆಲ್ಲೋಸ್ಟೋನ್ ಪಾರ್ಕಿನಲ್ಲಿ 25 ಗಜ ದೂರ ಇರಬೇಕು ಅನ್ನೋ ನಿಯಮ ಇದೆ. ಬೇಲಿ ಇರುವ ಕಡೆ ಅದು ಏನೇನೂ ಸಾಲದು. ಕಾರಿನಿಂದ ಇಳಿಯಲೇಬೇಡಿ, ಇಂಜಿನ್ ಆಫ್ ಮಾಡಿ ಕಿಟಕಿಯಿಂದಲೇ ತೆಗೆಯಿರಿ. ನಿಮಗೂ ಬೇಲಿಗೂ ನಡುವೆ ಅವು ನಿಂತಿದ್ದರೆ ಸುಮ್ನೆ ಮುಂದೆ ಹೋಗಿಬಿಡಿ. ಒಂದು ವೇಳೆ ಯಾವುದಾದರೂ ಸಿಕ್ಕಿಹಾಕಿಕೊಂಡರೆ ಅದರ ಕಣ್ಣಿಂದ ಮರೆಯಾಗಿ, ರಾಜ್ಯದ ವನ್ಯಜೀವಿ ಇಲಾಖೆಗೆ ಫೋನ್ ಮಾಡಿ. ನಂಬರ್ ಊರಲ್ಲಿದ್ದಾಗಲೇ ಬರೆದಿಟ್ಟುಕೊಳ್ಳಿ, ಆ ರಸ್ತೆಯಲ್ಲಿ ನನಗೆ ಸಿಗ್ನಲ್ಲೇ ಸಿಗಲಿಲ್ಲ.