265 ವ್ಯಾಟಿನ ಡಬ್ಬಕ್ಕೆ ಮೂರು ಕಾರ್ಡು

ನಮ್ಮ ಮನೆಯ ಡೆಸ್ಕ್‌ಟಾಪ್ ಯಾವುದೋ ಆಫೀಸಿನಿಂದ ಹೊರಬಿದ್ದದ್ದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡಿದ್ದೆ. ಒಳಗೆ 2011ರ ಐ5-2400 ಪ್ರೊಸೆಸರ್, 8 ಜಿಬಿ ರ‍್ಯಾಮ್, 265 ವ್ಯಾಟಿನ ಪವರ್ ಸಪ್ಲೈ. ನನಗೆ ಯಕ್ಷಗಾನದ ವಿಡಿಯೋ ಎಡಿಟ್ ಆಗಬೇಕು, ಅಕ್ಕನ ಮಗನಿಗೆ ಜಿಟಿಎ 5 ಆಟ ಓಡಬೇಕು. ದುಡ್ಡು ಮಾತ್ರ ಹೆಚ್ಚು ಬಿಚ್ಚುವ ಹಾಗಿಲ್ಲ. ಇದಕ್ಕೆಲ್ಲ ಬೇಕಾದದ್ದು ಗ್ರಾಫಿಕ್ಸ್ ಕಾರ್ಡು, ಅಂದರೆ ಪರದೆಯ ಚಿತ್ರ ಮೂಡಿಸುವ ಬಿಡಿ ಕಾರ್ಡು. ಗೆಳೆಯರ ಹತ್ತಿರ ಎರಡು ಎರವಲು ತಂದೆ, ಒಂದನ್ನು ಹಳೆಯದೇ ಕೊಂಡೆ.

ಮೊದಲು ಆರ್‌ಎಕ್ಸ್ 580. ಎಂಟು ಜಿಬಿ ಮೆಮೊರಿ, ಕಾಗದದ ಮೇಲೆ ಮೂರರಲ್ಲಿ ಇದೇ ಗಟ್ಟಿ. ಆದರೆ ಇದೊಂದೇ 185 ವ್ಯಾಟ್ ಕೇಳುತ್ತದೆ, ಜೊತೆಗೆ ಎಂಟು ಪಿನ್ನಿನ ಕನೆಕ್ಟರ್ ಬೇಕು. ನಮ್ಮ ಡಬ್ಬದಲ್ಲಿ ಅದೆಲ್ಲಿಂದ ಬರಬೇಕು? ಹಳೇ ಡಿಸ್ಕುಗಳಿಗೆ ಕರೆಂಟು ಕೊಡುವ ಮೋಲೆಕ್ಸ್ ಕನೆಕ್ಟರ್‌ನಿಂದ ಎಂಟು ಪಿನ್ನಿಗೆ ಬದಲಿಸುವ ವೈರು ಸಿಗುತ್ತದೆ ಅಂತ ಅಂಗಡಿಯವನೊಬ್ಬ ತೋರಿಸಿದ. ವೈರು ಬದಲಾದರೆ ಪವರ್ ಸಪ್ಲೈಯ ತಾಕತ್ತು ಬದಲಾಗುತ್ತದೆಯೇ? ಬೇಡವೆಂದು 550 ವ್ಯಾಟಿನದ್ದನ್ನೂ ಎರವಲು ತಂದು ಹೊರಗಿಟ್ಟೇ ಜೋಡಿಸಿದೆ. ಆಟ ಚೆನ್ನಾಗಿಯೇ ಓಡಿತು. ಊರು ತುಂಬಿದ ರಸ್ತೆಗೆ ಬಂದಾಗ ಮಾತ್ರ ತಡವರಿಸಿತು. ನೋಡಿದರೆ ಪ್ರೊಸೆಸರ್ ನೂರಕ್ಕೆ ನೂರು ದುಡಿಯುತ್ತಿತ್ತು, ಕಾರ್ಡು ಅರ್ಧ ಆರಾಮಾಗಿ ಕೂತಿತ್ತು. ಎತ್ತಿನಗಾಡಿಗೆ ಲಾರಿ ಎಂಜಿನ್ ಕಟ್ಟಿದ ಹಾಗೆ. ಹಳೇ 580ಗಳಲ್ಲಿ ಎಷ್ಟೋ ಕ್ರಿಪ್ಟೋ ನಾಣ್ಯದ ಮೈನಿಂಗಿನಲ್ಲಿ ಹಗಲೂ ರಾತ್ರಿ ದುಡಿದವು, ಫ್ಯಾನು ಕೈಯಲ್ಲಿ ತಿರುಗಿಸಿ ನೋಡದೆ ತೆಗೆದುಕೊಳ್ಳಬೇಡಿ.

ಎರಡನೆಯದು ಆರ್‌ಎಕ್ಸ್ 6400. ಬರೀ 53 ವ್ಯಾಟ್, ಬೇರೆ ವೈರೇ ಬೇಡ. ಕೈಗಿಟ್ಟಾಗ ನನಗೆ ಇದೇ ಇಷ್ಟವಾಗಿತ್ತು. ಆದರೆ ಇದಕ್ಕೆ ಪಿಸಿಐಇ ದಾರಿ, ಅಂದರೆ ಸ್ಲಾಟಿನ ಮೂಲಕ ಡೇಟಾ ಓಡಾಡುವ ದಾರಿ, ನಾಲ್ಕೇ. ಹೊಸ ಬೋರ್ಡಿನ 4.0 ಸ್ಲಾಟಿನಲ್ಲಿ ಆ ನಾಲ್ಕೇ ಸಾಕು. ಐ5-2400ರಲ್ಲಿ ಇರುವುದು ಹಳೇ ಪಿಸಿಐಇ 2.0, ಅಂದರೆ ನಾಲ್ಕೂ ದಾರಿ ಸೇರಿ ಸೆಕೆಂಡಿಗೆ ಸುಮಾರು 2 ಜಿಬಿ ಅಷ್ಟೇ. ನಾಲ್ಕು ಜಿಬಿ ಮೆಮೊರಿ ತುಂಬಿ ಮಿಕ್ಕ ಟೆಕ್ಸ್ಚರು (ಆಟದ ವಸ್ತುಗಳಿಗೆ ಹೊದಿಸುವ ಚಿತ್ರ) ರ‍್ಯಾಮ್‌ನಿಂದ ಈ ಓಣಿಯಲ್ಲೇ ಬರಬೇಕು. ಹಾಗಾಗಿ ಸೆಟ್ಟಿಂಗ್ ಏರಿಸಿದ ಕೂಡಲೇ ಚಿತ್ರ ಗಕ್ಕನೆ ನಿಲ್ಲುತ್ತಿತ್ತು. ಎಡಿಟ್ ಮಾಡಿದ ವಿಡಿಯೋವನ್ನು ಬೇಗ ಫೈಲ್ ಮಾಡಿಕೊಡುವ ವಿಡಿಯೋ ಎನ್‌ಕೋಡರ್ ಕೂಡ ಇದರಲ್ಲಿ ಇಲ್ಲ. ಒಂದು ಪ್ರಸಂಗ ಎಕ್ಸ್‌ಪೋರ್ಟ್‌ಗೆ ಹಾಕಿ ಊಟ ಮಾಡಿ ಬಂದರೂ ಮುಗಿದಿರಲಿಲ್ಲ.

ಕೊನೆಗೆ ಉಳಿದದ್ದು ನಾನೇ ಕೊಂಡ ಜಿಟಿಎಕ್ಸ್ 1650. ಇದು 75 ವ್ಯಾಟ್, ಸ್ಲಾಟ್ ಕೊಡುವುದೂ ಅಷ್ಟೇ. ದಾರಿ ಹದಿನಾರೂ ಇವೆ, ಆದ್ದರಿಂದ ಹಳೇ 2.0 ಸ್ಲಾಟಿನಲ್ಲೂ ಉಸಿರುಗಟ್ಟುವುದಿಲ್ಲ. ಎನ್‌ಕೋಡರ್ ಇದೆ. 580ರಷ್ಟು ಬಲವಿಲ್ಲ, ಒಪ್ಪುತ್ತೇನೆ. ಆದರೆ ಹುಡುಗ ಆಡುವ 1080ಪಿ ಮೀಡಿಯಂನಲ್ಲಿ ನಮ್ಮ ಪ್ರೊಸೆಸರು ಸುಸ್ತಾಗುವ ಹೊತ್ತಿಗೇ ಇದೂ ಸುಸ್ತಾಗುತ್ತದೆ, ಜೋಡಿ ಸರಿಹೋಯಿತು. ಕೊಳ್ಳುವಾಗ ಎರಡು ನೋಡಿಕೊಳ್ಳಿ: ಕೆಲವು 1650ಗಳಲ್ಲೂ ಆರು ಪಿನ್ನಿನ ಸಾಕೆಟ್ ಇರುತ್ತದೆ, ನಮ್ಮಂಥವರಿಗೆ ಅದು ಬೇಡ. ಇನ್ನು ಜಿಡಿಡಿಆರ್5 ಮೆಮೊರಿಯದ್ದೂ ಇದೆ, ಜಿಡಿಡಿಆರ್6ದ್ದೂ ಇದೆ. ಬೆಲೆ ಸಮವಿದ್ದರೆ ಎರಡನೆಯದು. ಹಳೇ ಕಾರ್ಡಿಗೆ 1650 ಅಂತ ಬೇರೆ ಬಯಾಸ್ (ಕಾರ್ಡಿನೊಳಗಿನ ಸಾಫ್ಟ್‌ವೇರ್) ತುಂಬಿ ಮಾರುವ ಕಳ್ಳರೂ ಇದ್ದಾರೆ, ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಪ್ರೋಗ್ರಾಂ ಹಾಕಿ ನೋಡಿಯೇ ದುಡ್ಡು ಕೊಡಿ.

ಉಳಿದ ದುಡ್ಡಿನಲ್ಲಿ ಒಂದು ಸಾಟಾ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ವೇಗದ ಡ್ರೈವ್) ಹಾಕಿದೆ. ನಿಜ ಹೇಳಬೇಕೆಂದರೆ ಮನೆಯವರಿಗೆ ಕಂಪ್ಯೂಟರ್ ಹೊಸದಾಯಿತು ಅನ್ನಿಸಿದ್ದು ಇದರಿಂದಲೇ, ಕಾರ್ಡಿನಿಂದ ಅಲ್ಲ.

ಎಲ್ಲ ಮುಗಿಸಿ ಸ್ವಿಚ್ ಹಾಕಬೇಕು, ಆಗ ಗಮನಕ್ಕೆ ಬಂತು: ಕಾರ್ಡಿನಲ್ಲಿ ಮಾನಿಟರ್ ಜೋಡಿಸುವ ಹಳೇ ವಿಜಿಎ ಸಾಕೆಟ್ ಇಲ್ಲ, ನಮ್ಮ ಮಾನಿಟರಿಗೆ ಇರುವುದು ಅದೊಂದೇ. ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಕನ್ವರ್ಟರ್ ತರಲು ಅಕ್ಕನ ಮಗನೇ ಸೈಕಲ್ ಹತ್ತಿ ಓಡಿದ. ಅಂಗಡಿ ಮುಚ್ಚುವ ಹೊತ್ತಾಗಿತ್ತು.