ಮಲೆನಾಡಿನ ಮಳೆಯಲ್ಲಿ ಲೋಕಲ್ ಟ್ಯಾಂಕ್ ಫ್ಲೋಟ್: ಬಳಸಿ ನೋಡಿದ ಮೇಲೆ

ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ ಅಂತ ಮೀಟರಿಗೆ ತಿಳಿಸುವ ಟ್ಯಾಂಕ್ ಫ್ಲೋಟ್, ಕಂಪನಿಯದ್ದಲ್ಲದ್ದು ಹಾಕಿಸಬಹುದಾ? ಧಾರಾಳವಾಗಿ ಹಾಕಿಸಿ, ಆದರೆ ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ) ನೋಡಿ ಕೊಳ್ಳಿ. ಶಿವಮೊಗ್ಗ–ತೀರ್ಥಹಳ್ಳಿ ಓಡಾಡುವ ನನ್ನ ಬೈಕಿಗೆ ಇದನ್ನು ಹಾಕಿಸಿ ಒಂದಕ್ಕಿಂತ ಹೆಚ್ಚು ಮಳೆಗಾಲ ಕಳೆದಿದೆ. ಮೀಟರ್ ಈಗಲೂ ಸರಿಯಾಗಿ ತೋರಿಸುತ್ತಿದೆ.

ಒಳಗಿರುವುದು ಇಷ್ಟೇ. ಪೆಟ್ರೋಲ್ ಮೇಲೆ ತೇಲುವ ಬೆಂಡು, ಅದಕ್ಕೊಂದು ತಂತಿಯ ತೋಳು. ತೋಳಿನ ಇನ್ನೊಂದು ತುದಿಯಲ್ಲಿ, ರೆಸಿಸ್ಟರ್ (ಕರೆಂಟಿಗೆ ತಡೆಯೊಡ್ಡುವ) ಪಟ್ಟಿಯ ಮೇಲೆ ಜಾರುವ ಪುಟ್ಟ ಕಾಂಟ್ಯಾಕ್ಟ್. ನನ್ನ ಬೈಕಿನದ್ದು ಫುಲ್ ಇದ್ದಾಗ ಸುಮಾರು 10 ಓಮ್, ಖಾಲಿಯಾದಾಗ ಸುಮಾರು 100. ಮೀಟರ್ ಒಳಗೆ ಇನ್ನೊಂದು ರೆಸಿಸ್ಟರ್ ಇರುತ್ತದೆ, ವೋಲ್ಟೇಜ್ ಎರಡಕ್ಕೂ ಹಂಚಿಹೋಗುತ್ತದೆ. ಅದೂ 100 ಓಮ್, ಸಪ್ಲೈ 5 ವೋಲ್ಟ್ ಅಂದುಕೊಳ್ಳಿ. ಟ್ಯಾಂಕ್ ಖಾಲಿಯಾದಾಗ ಫ್ಲೋಟ್ ಕಡೆ 2.5 ವೋಲ್ಟ್ ಸಿಗುತ್ತದೆ, ಫುಲ್ ಆದಾಗ ಅರ್ಧ ವೋಲ್ಟೂ ಇಲ್ಲ. ಇದನ್ನು ನೋಡಿಯೇ ಮೀಟರ್ ಕಡ್ಡಿ ಏರಿಸಿ ಇಳಿಸುವುದು.

ಕೆಲವು ಬೈಕುಗಳಲ್ಲಿ ಲೆಕ್ಕ ಉಲ್ಟಾ, ಫುಲ್ ಆದಾಗಲೇ ಓಮ್ ಜಾಸ್ತಿ. ಹಾಗಾಗಿ ಬೋಲ್ಟ್ ತೂತು ಕೂತಿತು ಅಂತ ಸುಮ್ನೆ ದುಡ್ಡು ಕೊಡಬೇಡಿ. ಅಂಗಡಿಯಲ್ಲೇ ಓಮ್ ಅಳೆಯುವ ಮಲ್ಟಿಮೀಟರ್ ಹಚ್ಚಿ, ಬೆಂಡನ್ನು ಬೆರಳಿನಿಂದ ನಿಧಾನಕ್ಕೆ ಎತ್ತಿ. ನನ್ನ ಬೈಕಿನಂಥದ್ದಾದರೆ 100ರಿಂದ 10ರವರೆಗೆ ಎಲ್ಲೂ ತಡವರಿಸದೆ ಇಳಿಯಬೇಕು. ಮಧ್ಯೆ ರೀಡಿಂಗ್ ಮಾಯವಾದರೆ ಆ ಜಾಗದಲ್ಲಿ ಪಟ್ಟಿಗೆ ಕಾಂಟ್ಯಾಕ್ಟ್ ತಾಗುತ್ತಿಲ್ಲ. ಬೇರೆ ಕೇಳಿ.

ನಮ್ಮ ಕಡೆ ಫ್ಲೋಟಿಗಿಂತ ಮೊದಲು ಕೆಡುವುದು ಕಪ್ಲರ್, ಅಂದರೆ ಫ್ಲೋಟಿನ ವೈರ್ ಜೋಡಿಸುವ ಪ್ಲಗ್. ನೀರು ಇಳಿದು ಪಿನ್ನಿಗೆ ಹಸಿರು ಕಿಲುಬು ಕಟ್ಟುತ್ತದೆ. ಅದು 30 ಓಮ್ ಸೇರಿಸಿದರೂ ಸಾಕು, 10 ಇರಬೇಕಾದದ್ದು 40 ಆಗಿ, ತುಂಬಿದ ಟ್ಯಾಂಕಿನಲ್ಲೂ ಮೂರನೇ ಒಂದು ಭಾಗ ಖಾಲಿ ಅಂತ ಕಾಣುತ್ತದೆ. ವೈರ್ ಕಿತ್ತುಹೋದರೆ ಪೂರ್ತಿ ಖಾಲಿ. ವೈರ್ ಸವೆದು ಬಾಡಿಗೆ ತಾಗಿದರೆ ಯಾವಾಗಲೂ ಫುಲ್, ಕಾಡುದಾರಿಯಲ್ಲಿ ಇದೇ ಹೆಚ್ಚು ಅಪಾಯ ಅಲ್ವಾ? ಜೂನ್ ಬರುವ ಮುಂಚೆ ಪಿನ್ ಸ್ವಚ್ಛ ಮಾಡಿ ಸಿಲಿಕಾನ್ ಗ್ರೀಸ್ ಹಚ್ಚಿಸುತ್ತೇನೆ.

ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ ಕಡ್ಡಿ ಹೆಚ್ಚುಕಡಿಮೆ ಆಗುತ್ತದೆ. ಪೆಟ್ರೋಲ್ ಮುಂದಕ್ಕೆ ಸರಿಯುವುದರಿಂದ ಹಾಗೆ, ಫ್ಲೋಟಿನ ದೋಷ ಅಲ್ಲ. ಸೋಮೇಶ್ವರ ದಾಟಿ ಸಮ ರಸ್ತೆ ಸಿಕ್ಕ ಮೇಲೆ ನೋಡಿ.

ಜೊತೆಗೆ ಬಂದ ರಬ್ಬರ್ ವಾಷರ್ ಮಾತ್ರ ಕಳಪೆ. ಸ್ವಲ್ಪ ದಿನಕ್ಕೇ ಗಟ್ಟಿಯಾಗಿ ಪೆಟ್ರೋಲ್ ವಾಸನೆ ಬರತೊಡಗಿತು, ಕಂಪನಿಯದ್ದು ತಂದು ಹಾಕಿಸಿದೆ. ಫ್ಲೋಟ್ ಲೋಕಲ್ ಇರಲಿ, ವಾಷರ್ ಬೇಡ.